ಎರಡು ಹಳೆ ಕಾರು, ಹದಿನಾಲ್ಕನೆಯ ಟಿಕ್ಕು

೨೦೨೩ರ ಮಾರ್ಚ್ ತಿಂಗಳು. ನಾನು ಕೆಲಸದಿಂದ ನಿವೃತ್ತನಾಗಿ ಆಗಲೇ ನಾಲ್ಕು ವರ್ಷವಾಗಿತ್ತು. ಅದಕ್ಕೂ ಮೊದಲು ಮೂವತ್ತೊಂದು ವರ್ಷ ಮೂಡುಬಿದಿರೆ ಕಡೆಯ ಒಂದು ಐಟಿಐಯಲ್ಲಿ ಮೋಟಾರ್ ಮೆಕ್ಯಾನಿಕ್ ವಿಭಾಗದ ಶಿಕ್ಷಕನಾಗಿದ್ದೆ. ಈ ಕಡೆ ಹಳೆ ಕಾರು ಕೊಳ್ಳುವವರಿಗೆ ನಾನೊಂದು ಅಭ್ಯಾಸವಾಗಿಬಿಟ್ಟಿದ್ದೆ. ಬಂಟ್ವಾಳದಿಂದ ಬೆಳ್ತಂಗಡಿಯವರೆಗೆ ಯಾರಿಗೆ ಸೆಕೆಂಡ್ ಹ್ಯಾಂಡ್ ಕಾರು ಬೇಕಾದರೂ "ಮಾಸ್ಟ್ರು ಒಮ್ಮೆ ನೋಡಲಿ" ಎನ್ನುತ್ತಿದ್ದರು. ಹೋಗಿ ನೋಡಿ ಕೊಡುತ್ತಿದ್ದೆ. ಒಂದು ಚಹಾ ಬಿಟ್ಟರೆ ಬೇರೇನೂ ತೆಗೆದುಕೊಂಡವನಲ್ಲ. ಅದರ ಬಗ್ಗೆ ನನಗೆ ಸ್ವಲ್ಪ ಜಂಬವೂ ಇತ್ತು. ಮೊದಲೇ ಒಪ್ಪಿಕೊಂಡುಬಿಡುತ್ತೇನೆ, ಏಕೆಂದರೆ ನಡೆದದ್ದರಲ್ಲಿ ಆ ಜಂಬಕ್ಕೂ ಒಂದು ಪಾಲುಂಟು.

ಕಾರು ನೋಡಲು ನನ್ನದೇ ಒಂದು ಹಾಳೆ ಇತ್ತು. ಇಪ್ಪತ್ತು ಸಾಲು, ಪ್ರತಿ ಸಾಲಿನ ಎದುರು ಎರಡು ಕಲಂ: "ಸರಿ", "ಸರಿಯಿಲ್ಲ". ಒಂದರಿಂದ ಇಪ್ಪತ್ತರವರೆಗೆ ಅದೇ ಕ್ರಮದಲ್ಲಿ ನೋಡುತ್ತಾ ಟಿಕ್ ಹಾಕುವುದು, ಕೊನೆಯಲ್ಲಿ ಸಹಿ. ಮಕ್ಕಳಿಗೂ ಅದನ್ನೇ ಕಲಿಸಿದ್ದೆ. ಒಂಬತ್ತನೆಯ ಸಾಲು ಸೀಟ್ ಬೆಲ್ಟ್. ಬೆಲ್ಟನ್ನು ಪೂರ್ತಿ ಹೊರಗೆಳೆದು ಕೊನೆಯ ಒಂದು ಗೇಣು ನೋಡಬೇಕು. ನೆರೆಯಲ್ಲಿ ಮುಳುಗಿದ ಕಾರನ್ನು ಎಷ್ಟೇ ತೊಳೆದರೂ ಆ ಒಂದು ಗೇಣಿನಲ್ಲಿ ಕೆಸರಿನ ಗೆರೆ ಉಳಿದಿರುತ್ತದೆ. ಹನ್ನೊಂದನೆಯದು ನೆಲದ ಕಾರ್ಪೆಟ್ಟಿನ ಅಡಿ. ಹದಿನಾಲ್ಕನೆಯದು ಫ್ಯೂಸ್ ಬಾಕ್ಸ್. ಕಾರಿನ ಎಲ್ಲ ವಿದ್ಯುತ್ ತಂತಿಗಳು ಬಂದು ಸೇರುವ ಪೆಟ್ಟಿಗೆ ಅದು. ನೀರು ಹೊಕ್ಕಿದ್ದರೆ ಅಲ್ಲಿನ ತಾಮ್ರದ ತುದಿಗಳು ಹಸಿರುಗಟ್ಟುತ್ತವೆ. ಬೆಲ್ಟು, ಕಾರ್ಪೆಟ್ಟು ಹೊಸತು ಹಾಕಬಹುದು, ಆದರೆ ಒಳಗಿನ ತಂತಿಗಳನ್ನೆಲ್ಲ ಬದಲಾಯಿಸಲು ಹೊರಟರೆ ಹಳೆ ಕಾರಿನ ಕ್ರಯವೇ ಸಾಕಾಗುವುದಿಲ್ಲ. ಆದ್ದರಿಂದ ಕಳ್ಳತನ ಕೊನೆಗೆ ಹದಿನಾಲ್ಕರಲ್ಲಿ ಸಿಕ್ಕಿಬೀಳುತ್ತದೆ ಎಂದು ಪ್ರತಿ ಬ್ಯಾಚಿಗೂ ಹೇಳುತ್ತಿದ್ದೆ.

ಹಾಗೆ ಹೇಳಿಸಿಕೊಂಡವರಲ್ಲಿ ಪ್ರಶಾಂತನೂ ಒಬ್ಬ. ನನ್ನ ಮೂವತ್ತೊಂದು ವರ್ಷದಲ್ಲಿ ಅಂಥ ಕೈ ಇದ್ದ ವಿದ್ಯಾರ್ಥಿಗಳು ಇಬ್ಬರೋ ಮೂವರೋ. ಎಂಜಿನ್ ಸದ್ದು ಕೇಳಿಯೇ ಯಾವ ಸಿಲಿಂಡರ್ ಕುಂಟುತ್ತಿದೆ ಎಂದು ಹೇಳಿಬಿಡುತ್ತಿದ್ದ. ಫೀಸು ಕಟ್ಟಲಾಗದೆ ಬಿಟ್ಟು ಹೋಗಲು ಹೊರಟವನನ್ನು ನಿಲ್ಲಿಸಿದ್ದು ನಾನು. ಮೊದಲ ಗ್ಯಾರೇಜಿಗೆ ಸೇರಿಸಿದ್ದೂ ನಾನು. ಆಮೇಲೆ ಗಲ್ಫಿಗೆ ಹೋಗಿ ಬಂದು ಬಿ.ಸಿ. ರೋಡಿನಲ್ಲಿ ಹಳೆ ಕಾರುಗಳ ವ್ಯಾಪಾರ ಶುರು ಮಾಡಿದ. ಶಿಕ್ಷಕರ ದಿನಾಚರಣೆಗೆ ತಪ್ಪದೆ ಮನೆಗೆ ಬಂದು ಕಾಲು ಮುಟ್ಟುತ್ತಿದ್ದ. ನನ್ನ ಹೆಂಡತಿ ಅವನಿಗೆಂದೇ ನೀರುದೋಸೆ ಮಾಡುತ್ತಿದ್ದಳು. ಇಷ್ಟನ್ನು ಬರೆಯುವಾಗಲೂ ನನಗೆ ಮೈ ಉರಿಯುತ್ತದೆ.

ಆ ಮಾರ್ಚಿನಲ್ಲಿ ನನ್ನ ಹತ್ತಿರ ಬಂದವರು ವಾಮದಪದವಿನ ಐರಿನ್ ಬಾಯಿ. ವಾಮದಪದವು ಪೇಟೆಯಲ್ಲಿ ಅವರದೊಂದು ಟೈಲರ್ ಅಂಗಡಿ. ನನ್ನ ಹೆಂಡತಿಯ ರವಿಕೆಗಳೆಲ್ಲ ಅಲ್ಲಿಯೇ. ಗಂಡ ಲ್ಯಾನ್ಸಿಯ ಎರಡೂ ಕಿಡ್ನಿ ಹೋಗಿ ಒಂದು ವರ್ಷವಾಗಿತ್ತು. ಮಂಗಳವಾರ, ಶುಕ್ರವಾರ ಬೆಳಿಗ್ಗೆ ಎಂಟು ಗಂಟೆಗೆ ಬಂಟ್ವಾಳದ ಆಸ್ಪತ್ರೆಯಲ್ಲಿ ಡಯಾಲಿಸಿಸ್. ಹೊತ್ತು ತಪ್ಪಿದರೆ ಯಂತ್ರ ಬೇರೆಯವರಿಗೆ ಹೋಗುತ್ತದೆ. ಗುಂಡಿ ಬಿದ್ದ ರಸ್ತೆಯಲ್ಲಿ ರಿಕ್ಷಾದಲ್ಲಿ ಹೋಗಿ ಬರುವಷ್ಟರಲ್ಲಿ ಆತ ಅರ್ಧ ಜೀವ ಆಗುತ್ತಿದ್ದ. ಐರಿನ್ ಬಾಯಿ ತಮ್ಮ ನಲವತ್ತೇಳನೆಯ ವಯಸ್ಸಿನಲ್ಲಿ, ಇದೊಂದೇ ಕಾರಣಕ್ಕೆ, ಡ್ರೈವಿಂಗ್ ಕಲಿತು ಲೈಸನ್ಸ್ ಮಾಡಿಸಿಕೊಂಡಿದ್ದರು.

"ಚಂದದ್ದು ಬೇಡ ಮಾಸ್ಟ್ರೇ," ಎಂದರು. "ಮಂಗಳವಾರ, ಶುಕ್ರವಾರ ದಾರಿಯಲ್ಲಿ ನಿಲ್ಲಬಾರದು. ಅಷ್ಟೇ. ನನಗೆ ಕಾರು ಗೊತ್ತಿಲ್ಲ. ನೀವು ಹೇಳಿದ್ದನ್ನು ತೆಗೀತೇನೆ."

ಅವರ ಅಳವಿಗೆ ಬರುವ ಸಣ್ಣ ಕಾರುಗಳು ಆಗ ಎರಡೇ ಇದ್ದವು. ಎರಡೂ ಪೆಟ್ರೋಲ್, ಎರಡೂ ಹತ್ತು ವರ್ಷ ದಾಟಿದವು. ಕಂಪೆನಿಗಳ ಹೆಸರು ಬರೆಯುವುದಿಲ್ಲ, ಏಕೆಂದರೆ ತಪ್ಪು ಕಾರುಗಳದ್ದಲ್ಲ. ಒಂದು ನೀಲಿ, ಇನ್ನೊಂದು ಬಿಳಿ.

ನೀಲಿ ಕಾರು ಇದ್ದದ್ದು ಚಾರ್ಮಾಡಿಯಲ್ಲಿ. ಘಾಟಿ ಹತ್ತುವ ಮೊದಲು ಚಹಾದ ಹೋಟೆಲು ಇಟ್ಟುಕೊಂಡಿರುವ, ಎಲ್ಲರೂ ಇಸ್ಮಾಯಿಲಾಕ ಎಂದು ಕರೆಯುವ ಹಿರಿಯ ಬ್ಯಾರಿ ಮುಸ್ಲಿಮರೊಬ್ಬರದ್ದು. ೨೦೧೦ರ ಮಾಡೆಲ್, ೧,೪೨,೦೦೦ ಕಿಲೋಮೀಟರ್ ಓಡಿತ್ತು. ನಾನು ಹಾಳೆ ತೆಗೆಯುವ ಮೊದಲೇ ಅವರು, "ಮೊದಲು ಇದರ ರೋಗ ಹೇಳ್ತೇನೆ ಮಾಸ್ಟ್ರೇ, ಗುಣ ಆಮೇಲೆ ನೋಡುವ" ಎಂದು ಶುರು ಮಾಡಿದರು. ಕ್ಲಚ್ ತೇದು ಮುಗಿಯಲು ಬಂದಿದೆ. ಘಾಟಿ ಹತ್ತಿಳಿದು ಮುಂದಿನ ಚಕ್ರದ ರಬ್ಬರ್ ಬುಶ್ ಸಡಿಲವಾಗಿ ಗುಂಡಿಯಲ್ಲಿ ಟಕ್ ಟಕ್ ಎನ್ನುತ್ತದೆ. ಎ.ಸಿ. ಇಲ್ಲ. ಹಿಂದಿನ ಎಡ ಬಾಗಿಲಿಗೆ ಲಾರಿ ತಾಗಿ ಪೈಂಟ್ ಮಾಡಿಸಿದ್ದು. ಹೀಗೆ ಇನ್ನೂ ಕೆಲವು. ನನ್ನ ಹಾಳೆಯಲ್ಲಿ ಹನ್ನೆರಡು ಸರಿ, ಎಂಟು ಸರಿಯಿಲ್ಲ ಎಂದು ಬಂತು. ಎಂಜಿನ್ ಮಾತ್ರ ಗಟ್ಟಿ. ಅವರು ಹೇಳದೆ ಉಳಿಸಿದ ಒಂದು ರೋಗವೂ ನನಗೆ ಸಿಗಲಿಲ್ಲ.

ಮಾಸ್ಟ್ರಿಗೆ ಅದು ಸಾಕಾಗಿತ್ತೋ? ಸಾಕಾಗಲಿಲ್ಲ. ರೋಗಿ ಕೂತುಕೊಳ್ಳುವ ಕಾರು, ಎ.ಸಿ. ಇಲ್ಲದಿದ್ದರೆ ಹೇಗೆ, ಕ್ಲಚ್ಚಿನ ಕೆಲಸಕ್ಕೆ ಎಷ್ಟು ದಿನ ಬೇಕು ಎಂದೆಲ್ಲ ಲೆಕ್ಕ ಹಾಕುತ್ತಾ ಘಾಟಿಯ ಬುಡದಿಂದ ವಾಪಸು ಬಂದೆ.

ಬಿಳಿ ಕಾರು ಇದ್ದದ್ದು ಪ್ರಶಾಂತನ ಹತ್ತಿರ. ೨೦೧೨ರ ಮಾಡೆಲ್, ಒಬ್ಬನೇ ಮಾಲಿಕ, ೫೮,೦೦೦ ಕಿಲೋಮೀಟರ್. ಫೋನು ಮಾಡಿದಾಗ, "ಸರ್, ನೀವೇ ಬಂದು ನೋಡಬೇಕು. ನನ್ನ ಮಾತು ನಂಬುವುದು ಬೇಡ" ಎಂದ. ಎಷ್ಟು ಚಂದದ ಮಾತು. ನಾನು ಹಿಗ್ಗಿದೆ.

ಬೆಳಿಗ್ಗೆ ಹನ್ನೊಂದಕ್ಕೆ ಬಿ.ಸಿ. ರೋಡ್ ತಲುಪಿದೆ. ಕಾರು ತೊಳೆಯಲು ಕೊಟ್ಟಿದ್ದೇನೆ, ಇನ್ನೊಂದು ಗಂಟೆ ಆಗುತ್ತದೆ, ಊಟ ಮಾಡಿಕೊಂಡೇ ಬರುವ ಎಂದು ಕರೆದುಕೊಂಡು ಹೋದ. ಬಂಗುಡೆ ಪುಳಿಮುಂಚಿ, ಕಾಣೆ ಫ್ರೈ. ಐಟಿಐ ದಿನಗಳನ್ನು ನೆನಪಿಸಿ ನಗಿಸಿದ. "ಸರ್ ಇಲ್ಲದಿದ್ದರೆ ನಾನು ಇವತ್ತು ಜಲ್ಲಿ ಹೊರ್ತಾ ಇರ್ತಿದ್ದೆ" ಎಂದು ಹೋಟೆಲಿನ ಯಜಮಾನನಿಗೆ ನನ್ನ ಪರಿಚಯ ಮಾಡಿಸಿದ. ನಾವು ಮಾತಾಡುವುದು ತುಳುವಿನಲ್ಲಿ, ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. ತುಳುವಿನಲ್ಲಿ ಆ ಮಾತು ಇನ್ನೂ ಸಿಹಿಯಾಗಿತ್ತು.

ಊಟ ಮುಗಿಸಿ ಬಂದು ಹಾಳೆ ತೆಗೆದೆ. ಒಂದರಿಂದ ಎಂಟು, ಎಲ್ಲ ಸರಿ. ಒಂಬತ್ತನೆಯದಕ್ಕೆ ನಾಲ್ಕೂ ಬೆಲ್ಟ್ ಪೂರ್ತಿ ಎಳೆದು ನೋಡಿದೆ, ಮದುಮಗನ ಶಲ್ಯದಷ್ಟು ಶುಭ್ರ. ಹನ್ನೊಂದು, ಕಾರ್ಪೆಟ್ ಎತ್ತಿದೆ, ಒಣ ನೆಲ. ಹೆಡ್‌ಲೈಟಿನ ಒಳಗೆ ನೀರಿನ ಕಲೆಯಿಲ್ಲ. ಹದಿನಾಲ್ಕು, ಫ್ಯೂಸ್ ಬಾಕ್ಸ್.

ಆ ಕಾರಿನಲ್ಲಿ ಸ್ಟಿಯರಿಂಗಿನ ಬಲಕ್ಕೆ ಚಿಲ್ಲರೆ ಹಾಕುವ ಒಂದು ಸಣ್ಣ ಖಾನೆ ಇದೆ. ಅದನ್ನು ಎಳೆದು ಹೊರಗೆ ತೆಗೆದರೆ ಹಿಂದೆ ಫ್ಯೂಸ್ ಬಾಕ್ಸ್ ಕಾಣುತ್ತದೆ. ಖಾನೆಯಲ್ಲಿ ಕೆಂಪು ಬಟ್ಟೆಯ ಒಂದು ಗಂಟು. ಮೇಲೆ ಕುಂಕುಮ, ಒಣಗಿದ ಹಿಂಗಾರದ, ಅಂದರೆ ಅಡಿಕೆ ಹೂವಿನ, ನಾಲ್ಕು ಎಸಳು. ಕೆಂಪು ನೂಲಿನಿಂದ ಪಕ್ಕದ ಎ.ಸಿ. ಗಾಳಿಕಿಂಡಿಗೆ ಭದ್ರವಾಗಿ ಕಟ್ಟಿತ್ತು. ಗಂಟು ಬಿಚ್ಚದೆ ಖಾನೆ ಹೊರಗೆ ಬರುವಂತಿರಲಿಲ್ಲ. ಹಿಂಗಾರ ಕಂಡ ಮೇಲೆ ನಮ್ಮ ಊರಿನವರಿಗೆ ಬೇರೆ ಹೇಳಬೇಕಾಗಿಲ್ಲ. ದೈವದ ಗಂಧಪ್ರಸಾದ.

ನನ್ನ ಕೈ ಅಲ್ಲಿಯವರೆಗೆ ಹೋಗಿ ನಿಂತಿತು. ಪ್ರಶಾಂತ ಪಕ್ಕದಲ್ಲೇ ಇದ್ದ.

"ಅದು ಮುಟ್ಟುವುದು ಬೇಡ ಸರ್," ಎಂದ ಮೆಲ್ಲಗೆ. "ನಾವಿಬ್ಬರೂ ಮೀನು ತಿಂದಿದ್ದೇವಲ್ಲ."

ಹೌದಲ್ಲ ಎಂದುಕೊಂಡೆ. ಮೀನು ತಿಂದ ಬಾಯಲ್ಲಿ, ಸ್ನಾನ ಮಾಡದೆ, ದೈವದ ಪ್ರಸಾದ ಮುಟ್ಟುವವರ ಮನೆಯಲ್ಲಿ ನಾನು ಹುಟ್ಟಲಿಲ್ಲ. ಇವನಿಗಾದರೂ ಈ ಕಾಲದಲ್ಲಿ ಇಷ್ಟು ಭಯ ಭಕ್ತಿ ಉಳಿದಿದೆಯಲ್ಲ ಎಂದು ಒಳಗೊಳಗೇ ಖುಷಿಪಟ್ಟೆ. ಒಂಬತ್ತೂ ಹನ್ನೊಂದೂ ಸರಿ ಇರುವಾಗ ಹದಿನಾಲ್ಕು ಕೆಟ್ಟಿರಲು ಸಾಧ್ಯವಿಲ್ಲ ಎಂದು ನನಗೆ ನಾನೇ ಪಾಠ ಮಾಡಿಕೊಂಡೆ. ಪೆನ್ನು "ಸರಿ" ಕಲಮಿನಲ್ಲಿ ಟಿಕ್ ಹಾಕಿ ಹದಿನೈದಕ್ಕೆ ಹೋಯಿತು.

ಇಪ್ಪತ್ತಕ್ಕೆ ಇಪ್ಪತ್ತು. ಹನ್ನೊಂದು ವರ್ಷದ ಹಳೆ ಕಾರಿಗೆ ಇಪ್ಪತ್ತಕ್ಕೆ ಇಪ್ಪತ್ತು. ನನ್ನ ಹಾಳೆಯಲ್ಲಿ ಅದುವರೆಗೆ ಯಾವ ಕಾರಿಗೂ ಅಷ್ಟು ಬಂದದ್ದಿಲ್ಲ. ಅಲ್ಲಿಯೇ ನನ್ನ ಕಿವಿ ನಿಮಿರಬೇಕಿತ್ತು. ನಿಮಿರಲಿಲ್ಲ, ಹೊಟ್ಟೆ ತುಂಬಿತ್ತು. ಸಹಿ ಹಾಕಿದೆ. ಪ್ರಶಾಂತ ನೆನಪಿಗೆಂದು ಅದರ ಒಂದು ಜೆರಾಕ್ಸ್ ತೆಗೆಸಿಕೊಂಡ.

ಐರಿನ್ ಬಾಯಿ ಆ ವಾರವೇ ಬಿಳಿ ಕಾರು ಕೊಂಡರು. ಏಪ್ರಿಲ್, ಮೇ ತಿಂಗಳು ಒಂದು ತೊಂದರೆಯಿಲ್ಲ. ಮಂಗಳವಾರ, ಶುಕ್ರವಾರ ಬೆಳಿಗ್ಗೆ ಏಳಕ್ಕೆ ವಾಮದಪದವಿನಿಂದ ಹೊರಡುವುದು, ಮಧ್ಯಾಹ್ನ ಎರಡಕ್ಕೆ ವಾಪಸು. ಒಮ್ಮೆ ನಮ್ಮ ಮನೆಯ ಎದುರು ನಿಲ್ಲಿಸಿ ಒಂದು ಕಟ್ಟು ಸಣ್ಣಾನ್ ಕೊಟ್ಟು ಹೋದರು. ಅವರ ಕೊಂಕಣಿ ಮನೆಗಳಲ್ಲಿ ಅದು ಹಬ್ಬದ ತಿಂಡಿ. ಹಿಂದಿನ ಸೀಟಿನಿಂದ ಲ್ಯಾನ್ಸಿ ಕೈ ಬೀಸಿದ.

ಜುಲೈಯ ಒಂದು ಮಂಗಳವಾರ ಬೆಳಿಗ್ಗೆ ಏಳೂವರೆ. ಬಂಟ್ವಾಳಕ್ಕೆ ಇನ್ನು ಐದಾರು ಕಿಲೋಮೀಟರ್ ಇರುವಾಗ, ಜಡಿಮಳೆಯಲ್ಲಿ, ಕಾರಿನ ಮೀಟರಿನ ದೀಪಗಳೆಲ್ಲ ಒಮ್ಮೆಲೇ ಹತ್ತಿಕೊಂಡವು. ವೈಪರ್ ಅರ್ಧದಲ್ಲಿ ನಿಂತಿತು. ಎಂಜಿನ್ ಬಂದ್. ಹಿಂದಿನ ಬಾಗಿಲುಗಳು ತಾವೇ ಲಾಕ್ ಆದವು, ಗಾಜು ಇಳಿಯಲಿಲ್ಲ. ಐರಿನ್ ಬಾಯಿ ತಮ್ಮ ಬದಿಯ ಬಾಗಿಲಿನಿಂದ ಹೊರಗೆ ಬಂದು, ಮುಂದಿನ ಸೀಟು ಮಲಗಿಸಿ, ಉಸಿರು ಕಟ್ಟುತ್ತಿದ್ದ ಗಂಡನನ್ನು ಎರಡು ಸೀಟಿನ ನಡುವಿನಿಂದ ಎಳೆದು ಹೊರಗೆ ತಂದರು. ಮಳೆಗೆ ಯಾರೂ ನಿಲ್ಲಿಸಲಿಲ್ಲ. ಕೊನೆಗೆ ಒಂದು ಮೀನಿನ ಟೆಂಪೊ ನಿಂತಿತು. ಆಸ್ಪತ್ರೆ ತಲುಪುವಾಗ ಯಂತ್ರದಲ್ಲಿ ಬೇರೆಯವರು ಮಲಗಿದ್ದರು. ಮರುದಿನದವರೆಗೆ ಜಾಗವಿಲ್ಲ. ಆ ರಾತ್ರಿ ಲ್ಯಾನ್ಸಿಯ ಶ್ವಾಸಕೋಶದಲ್ಲಿ ನೀರು ತುಂಬಿ ಐಸಿಯು ಸೇರಿದ, ಮೂರು ದಿನ ಅಲ್ಲಿದ್ದ. ಉಳಿದ. ಡಾಕ್ಟರು ಇನ್ನು ಒಂದು ದಿನವೂ ತಪ್ಪಿಸಬಾರದು ಎಂದು ಕಟ್ಟುನಿಟ್ಟಾಗಿ ಹೇಳಿ ಕಳಿಸಿದರು.

ನನಗೆ ಸುದ್ದಿ ಬಂದದ್ದು ಬುಧವಾರ. ಗುರುವಾರ ಬೆಳಿಗ್ಗೆ ಸ್ನಾನ ಮಾಡಿ, ಏನೂ ತಿನ್ನದೆ, ಕಾರನ್ನು ಎಳೆದು ತಂದು ಹಾಕಿದ್ದ ವಾಮದಪದವಿನ ಗ್ಯಾರೇಜಿಗೆ ಹೋದೆ. ಡ್ರೈವರ್ ಸೀಟಿನಲ್ಲಿ ಕೂತು ಆ ಕೆಂಪು ಗಂಟಿಗೆ ಕೈ ಮುಗಿದೆ. ಐರಿನ್ ಬಾಯಿಯೂ ಅದನ್ನು ಮುಟ್ಟಿರಲಿಲ್ಲ. ಬೇರೆಯವರ ದೇವರು, ಅದರ ಜಾಗದಲ್ಲಿ ಅದು ಇರಲಿ ಎಂದು ದಿನಾ ಬಟ್ಟೆಯಿಂದ ಧೂಳು ಮಾತ್ರ ಹೊಡೆಯುತ್ತಿದ್ದರಂತೆ. ನೂಲು ಬಿಚ್ಚಿ ಗಂಟನ್ನು ಕೈಯಲ್ಲಿ ಹಿಡಿದೆ. ಹಗುರ ಇತ್ತು. ಗಂಧದ ವಾಸನೆಯೇ ಇರಲಿಲ್ಲ. ಬಿಚ್ಚಿ ನೋಡಿದರೆ ಒಳಗೆ ಹಳೆ ಪೇಪರಿನ ಉಂಡೆ. ಬೇರೇನೂ ಇಲ್ಲ.

ಖಾನೆ ಎಳೆದೆ. ಹಿಂದೆ ಫ್ಯೂಸ್ ಬಾಕ್ಸಿನ ತುದಿಗಳೆಲ್ಲ ಪಾಚಿ ಹಿಡಿದ ಬಾವಿಯ ಕಲ್ಲಿನಂತೆ ಹಸಿರು. ಮೂಲೆಯಲ್ಲಿ ಒಣಗಿದ ನಯವಾದ ಕೆಸರು, ಉಗುರಿನಿಂದ ಕೆರೆದರೆ ಪುಡಿಯಾಗಿ ಬಂತು. ನೇತ್ರಾವತಿಯ ನೆರೆಮಣ್ಣು ನನಗೆ ಗುರುತು ಸಿಗದ್ದಲ್ಲ. ಆಮೇಲೆ ಬೆಲ್ಟಿನ ಬುಡದಲ್ಲಿ ಹೊಲಿದಿದ್ದ ಚೀಟಿ ನೋಡಿದೆ. ತಯಾರಾದ ವರ್ಷ ಅದರಲ್ಲಿ ಅಚ್ಚಾಗಿರುತ್ತದೆ. ಕಾರು ೨೦೧೨ರದ್ದು, ನಾಲ್ಕೂ ಬೆಲ್ಟು ೨೦೨೨ರದ್ದು. ಕಾರ್ಪೆಟ್ ಹೊಸದು. ಹೆಡ್‌ಲೈಟ್ ಹೊಸದು. ನನ್ನ ಹಾಳೆಯಲ್ಲಿ ಏನೇನು ಇತ್ತೋ ಅದೆಲ್ಲ ಹೊಸದು. ಹಾಳೆಯಲ್ಲಿ ಇಲ್ಲದ್ದು, ಸ್ಪೀಕರಿನ ಹಿಂಬದಿ, ಸೀಟಿನ ಸ್ಪ್ರಿಂಗು, ಎಲ್ಲ ತುಕ್ಕು. ಅವನು ರಿಪೇರಿ ಮಾಡಿದ್ದು ಕಾರನ್ನಲ್ಲ, ನನ್ನ ಪ್ರಶ್ನೆಪತ್ರಿಕೆಗೆ ಉತ್ತರ ಬರೆದಿದ್ದ. ಉತ್ತರ ಬಾರದ ಒಂದೇ ಪ್ರಶ್ನೆಯ ಮೇಲೆ ದೈವವನ್ನು ಕೂರಿಸಿ, ನನಗೆ ಮೀನೂಟ ಹಾಕಿಸಿದ್ದ.

ಗ್ಯಾರೇಜಿನವನು ನೀರು ತಂದು ಕೊಟ್ಟ. ಬೇರೆ ಯಾರಾದರೂ ಮೋಸ ಮಾಡಿದ್ದರೆ ಬೈದು ಮುಗಿಸುತ್ತಿದ್ದೆ. ಇವನು ನನ್ನ ಕಣ್ಣು ಎಲ್ಲಿ ಹೋಗುತ್ತದೆ, ಕೈ ಎಲ್ಲಿ ನಿಲ್ಲುತ್ತದೆ ಎಂದು ನನ್ನ ಮನೆಯಲ್ಲೇ ಉಂಡು ಕಲಿತವನು. ಉಂಡ ಮನೆಗೆ ಎರಡು ಬಗೆಯುವುದು ಎಂಬ ಮಾತನ್ನು ಅಲ್ಲಿಯವರೆಗೆ ಸುಮ್ಮನೆ ಬಾಯಿಮಾತಿಗೆ ಆಡುತ್ತಿದ್ದೆ.

ಅಲ್ಲಿಂದ ನೇರ ಬಿ.ಸಿ. ರೋಡಿಗೆ ಹೋದೆ. ಪ್ರಶಾಂತನ ಆಫೀಸಿನ ಗೋಡೆಯಲ್ಲಿ ಮೊದಲು ನನಗೆ ಕಂಡದ್ದು ನನ್ನದೇ ಹಾಳೆ. ಜೆರಾಕ್ಸನ್ನು ಲ್ಯಾಮಿನೇಟ್ ಮಾಡಿಸಿ ತೂಗು ಹಾಕಿದ್ದ. ಮೇಲೆ ದಪ್ಪ ಅಕ್ಷರದಲ್ಲಿ "ನಮ್ಮಲ್ಲಿಯ ಕಾರುಗಳು ನಮ್ಮ ಗುರುಗಳಿಂದ ಪರೀಕ್ಷಿತ" ಎಂದಿತ್ತು. ನಾನು ನೋಡಿದ್ದು ಅಲ್ಲಿ ಒಂದೇ ಕಾರು.

ಕೆಂಪು ಬಟ್ಟೆ, ಪೇಪರ್ ಉಂಡೆ ಎರಡನ್ನೂ ಮೇಜಿನ ಮೇಲಿಟ್ಟೆ. ಅವನ ಮುಖ ಕ್ಷಣ ಬಾಡಿತು, ಮತ್ತೆ ಸರಿಯಾಯಿತು.

"ಕೂತ್ಕೊಳ್ಳಿ ಸರ್. ಚಹಾ ಹೇಳುವನಾ?"

"ಗಂಧ ಎಲ್ಲಿ ಪ್ರಶಾಂತ?"

"ಗಂಧ ಅಂತ ನಾನು ಹೇಳಿದೆನಾ ಸರ್? ಮುಟ್ಟುವುದು ಬೇಡ ಅಂದೆ, ಅಷ್ಟೇ."

ನಿಜ. ಹೇಳಿರಲಿಲ್ಲ. ಹಿಂಗಾರದ ನಾಲ್ಕು ಎಸಳಿಟ್ಟು ಉಳಿದದ್ದನ್ನು ನನ್ನ ಬಾಯಿಂದಲೇ ಹೇಳಿಸಿದ್ದ. ನಾನು ನಮ್ಮ ಕಡೆಯವರು ಬೇರೆ ದಾರಿಯಿಲ್ಲದಾಗ ಹೇಳುವ ಮಾತನ್ನು ಹೇಳಿದೆ: "ನಡಿ ಧರ್ಮಸ್ಥಳಕ್ಕೆ. ಈ ಕಾರು ನೆರೆಯಲ್ಲಿ ಮುಳುಗಿದ್ದು ನನಗೆ ಗೊತ್ತಿರಲಿಲ್ಲ ಎಂದು ಅಲ್ಲಿ ನಿಂತು ಆಣೆ ಹಾಕು." ಸಾಮಾನ್ಯವಾಗಿ ಅಲ್ಲಿಗೆ ಮಾತು ಮುಗಿಯುತ್ತದೆ. ಸುಳ್ಳು ಹೇಳುವವನು ಬೆವರುತ್ತಾನೆ.

ಪ್ರಶಾಂತ ಬೆವರಲಿಲ್ಲ. ಎದ್ದು ಗೋಡೆಯಿಂದ ಹಾಳೆ ತೆಗೆದು ನನ್ನ ಎದುರು ಇಟ್ಟ. ಹದಿನಾಲ್ಕನೆಯ ಸಾಲಿನ ಮೇಲೆ ಬೆರಳಿಟ್ಟ.

"ಹೋಗುವ ಸರ್. ಇಬ್ಬರೂ ಹೋಗುವ. ಹದಿನಾಲ್ಕನೆಯದನ್ನು ನೋಡಿಯೇ ಟಿಕ್ ಹಾಕಿದ್ದು ಅಂತ ನೀವು ಮೊದಲು ಆಣೆ ಹಾಕಿ. ಆಮೇಲೆ ನಾನು ಹಾಕ್ತೇನೆ."

ನಾನು ಆ ಟಿಕ್ಕನ್ನು ನೋಡಿದೆ. ನನ್ನದೇ ಕೈಯದ್ದು, ಒಂದಿಷ್ಟೂ ಅಲುಗದ, ನೇರವಾದ ಟಿಕ್ಕು. ಅವನು ಇದನ್ನು ಆಗಲೇ ಎಣಿಸಿದ್ದ, ಅದಕ್ಕೇ ಜೆರಾಕ್ಸ್ ತೆಗೆಸಿಕೊಂಡದ್ದು ಎಂದು ಆಗ ಅರ್ಥವಾಯಿತು. ಎದ್ದು ಬಂದೆ. ಬಸ್ಸಿನಲ್ಲಿ ಕೂತ ಮೇಲೆ ಕಣ್ಣಲ್ಲಿ ನೀರು ಬಂತು. ಸಿಟ್ಟಿಗೆ ಬಂದದ್ದೋ ನಾಚಿಕೆಗೆ ಬಂದದ್ದೋ ಈಗಲೂ ಹೇಳಲಾರೆ.

ಶನಿವಾರ ಐರಿನ್ ಬಾಯಿಯ ಅಂಗಡಿಗೆ ಹೋದೆ. ಲ್ಯಾನ್ಸಿಯನ್ನು ಹಿಂದಿನ ದಿನವಷ್ಟೇ ಮನೆಗೆ ತಂದಿದ್ದರು. ಅಂಗಡಿಯ ಒಳಕೋಣೆಯಲ್ಲಿ ಮಲಗಿದ್ದ. ಅವರು ಮಿಷನ್ ನಿಲ್ಲಿಸಲಿಲ್ಲ. ಪ್ರಶಾಂತ ಮಾಡಿದ್ದನ್ನೆಲ್ಲ ಹೇಳಿದೆ. ಅಷ್ಟಕ್ಕೇ ನಿಲ್ಲಿಸಬಹುದಿತ್ತು. ನಿಲ್ಲಿಸಿದ್ದರೆ ಅವರ ಕಣ್ಣಲ್ಲಿ ನಾನೂ ಮೋಸ ಹೋದವನಾಗಿಯೇ ಉಳಿಯುತ್ತಿದ್ದೆ. ಆದರೆ ಆ ಟಿಕ್ಕು ಕಣ್ಣಿನ ಎದುರು ಇತ್ತು.

"ಇನ್ನೊಂದು ಉಂಟು ಬಾಯಿ. ಫ್ಯೂಸ್ ಬಾಕ್ಸ್ ನಾನು ನೋಡಿಯೇ ಇರಲಿಲ್ಲ. ನೋಡಿದ್ದೇನೆ ಎಂದು ಬರೆದೆ."

ಮಿಷನ್ ನಿಂತಿತು.

"ನಾನು ಅಳತೆ ತೆಗೆಯದ ತೋಳಿಗೆ ಅಂದಾಜು ಬರೆದು ಕತ್ತರಿಸಿದರೆ ನಿಮ್ಮ ಹೆಂಡತಿ ರವಿಕೆಯನ್ನು ನನ್ನ ಮುಖಕ್ಕೆ ಬಿಸಾಡ್ತಾರೆ," ಎಂದರು. "ಅದು ಬಟ್ಟೆ. ಇದು ನನ್ನ ಗಂಡ. ನಾನು ಕಾರು ನಂಬಿದ್ದಲ್ಲ ಮಾಸ್ಟ್ರೇ, ಆ ಹುಡುಗ ಯಾರೋ, ಅವನನ್ನು ನಂಬಿದ್ದೂ ಅಲ್ಲ. ನಿಮ್ಮನ್ನು."

ಪ್ರಶಾಂತನಿಂದ ನನಗೆ ಏನಾಗಿತ್ತೋ ನನ್ನಿಂದ ಅವರಿಗೆ ಅದೇ ಆಗಿತ್ತು. ಒಳಕೋಣೆಯಿಂದ ಲ್ಯಾನ್ಸಿ, "ಬಿಡು ಐರಿನ್, ಬಂದು ಹೇಳಿದ್ದಾರಲ್ಲ" ಎಂದ. ಅವರು ಬಿಡಲಿಲ್ಲ. ನಾನು ಬಿಡಬೇಕೆಂದೂ ಬಯಸಲಿಲ್ಲ.

ಅಂಗಡಿಯ ಬೆಂಚಿನಲ್ಲಿ ಕೂತು ನನ್ನ ಹತ್ತಿರವಿದ್ದ ಮೂಲ ಹಾಳೆಯಲ್ಲಿ ಹದಿನಾಲ್ಕನೆಯ ಟಿಕ್ಕನ್ನು ಕೆಂಪು ಪೆನ್ನಿನಿಂದ ಹೊಡೆದು ಹಾಕಿದೆ. ಪಕ್ಕದಲ್ಲಿ, "ಇದು ಸುಳ್ಳು. ನಾನು ಈ ಭಾಗವನ್ನು ನೋಡಿರಲಿಲ್ಲ. ಕಾರು ನೆರೆಯಲ್ಲಿ ಮುಳುಗಿದ್ದು" ಎಂದು ಬರೆದು ಸಹಿ ಹಾಕಿದೆ. ಸೋಮವಾರ ಬೆಳಿಗ್ಗೆ ಅದನ್ನು ಹಿಡಿದುಕೊಂಡು ಪ್ರಶಾಂತನ ಆಫೀಸಿಗೆ ಹೋದೆ. ಇಬ್ಬರು ಗಿರಾಕಿಗಳು ಕೂತಿದ್ದರು. ಅವರ ಎದುರೇ ಹೇಳಿದೆ: "ನಿನ್ನ ಗೋಡೆಯಲ್ಲಿ ಇದನ್ನು ಹಾಕಲು ಬಂದಿದ್ದೇನೆ. ತೆಗೆದು ಬಿಸಾಡಿದರೆ ನಾಳೆ ಇನ್ನೊಂದು ತರ್ತೇನೆ. ಧರ್ಮಸ್ಥಳಕ್ಕೂ ಈಗ ಹೋಗುವ. ನನ್ನ ಆಣೆ ಬರೆದೇ ಆಯಿತು, ಇನ್ನು ನಿನ್ನದು ಮಾತ್ರ."

ಒಬ್ಬ ಗಿರಾಕಿ ಹಾಳೆ ಇಸಿದುಕೊಂಡು ಓದತೊಡಗಿದ. ಆಗ ಪ್ರಶಾಂತ ಬೆವರಿದ. ಸಂಜೆಯೊಳಗೆ ಅವನ ಜನ ವಾಮದಪದವಿಗೆ ಬಂದು ಬಿಳಿ ಕಾರು ಎತ್ತಿಕೊಂಡು ಹೋದರು, ಐರಿನ್ ಬಾಯಿ ಕೊಟ್ಟದ್ದನ್ನು ಪೂರ್ತಿ ವಾಪಸು ಮಾಡಿದರು.

ಪ್ರಶಾಂತನ ವಿಷಯ ಇಲ್ಲಿಗೇ ಮುಗಿಸುತ್ತೇನೆ. ಮರುವರ್ಷ ಮೂಡುಬಿದಿರೆಯ ಒಂದು ಮದುವೆಯಲ್ಲಿ ಸಿಕ್ಕಿದ. ಊಟ ಮುಗಿಸಿ ಕೈ ತೊಳೆದು ಬರುತ್ತಿದ್ದೆ. ಏನೂ ನಡೆಯದವನ ಹಾಗೆ, ಹತ್ತು ಜನ ನೋಡುತ್ತಿರುವಾಗ, ನನ್ನ ಕಾಲಿಗೆ ಬಗ್ಗಿದ. ನಾನು ಹಿಂದೆ ಸರಿದೆ. "ಮುಟ್ಟಬೇಡ ಮಾರಾಯ, ಮೀನು ತಿಂದಿದ್ದೇನೆ" ಎಂದೆ. ಸುತ್ತ ಇದ್ದವರಿಗೆ ಅರ್ಥವಾಗಲಿಲ್ಲ, ಅವನಿಗೆ ಆಯಿತು. ಮತ್ತೆ ಅವನು ನಮ್ಮ ಮನೆಗೆ ಬಂದಿಲ್ಲ. ಶಿಕ್ಷಕರ ದಿನ ಬಂದರೆ ನನ್ನ ಹೆಂಡತಿ ನೀರುದೋಸೆಯ ಕಾವಲಿಯನ್ನು ಅಟ್ಟದಿಂದ ಇಳಿಸುವುದಿಲ್ಲ, ಯಾಕೆಂದು ನಾನು ಕೇಳುವುದೂ ಇಲ್ಲ.

ಇನ್ನು ಐರಿನ್ ಬಾಯಿಯ ಕಾರು. ಬಿಳಿ ಕಾರು ಹೋದ ಮೇಲೂ ಮಂಗಳವಾರ, ಶುಕ್ರವಾರ ಬರುವುದು ನಿಲ್ಲಲಿಲ್ಲ. ಮೂರು ವಾರ ನಾನೇ ನನ್ನ ಕಾರಿನಲ್ಲಿ ಲ್ಯಾನ್ಸಿಯನ್ನು ಆಸ್ಪತ್ರೆಗೆ ಕರೆದುಕೊಂಡು ಹೋದೆ. ಐರಿನ್ ಬಾಯಿ ಹಿಂದಿನ ಸೀಟಿನಲ್ಲಿ ಕೂರುತ್ತಿದ್ದರು, ಮಾತಿಲ್ಲ. ಮಳೆ ಜೋರಾದರೆ ಬಾಗಿಲಿನ ಹಿಡಿ ಬಿಗಿಯಾಗಿ ಹಿಡಿದುಕೊಳ್ಳುವುದು ಕನ್ನಡಿಯಲ್ಲಿ ಕಾಣುತ್ತಿತ್ತು. ಮೂರನೆಯ ವಾರ ಅವರೇ ಬಾಯಿ ಬಿಟ್ಟರು.

"ಆ ಚಾರ್ಮಾಡಿಯ ಕಾರು ಇನ್ನೂ ಉಂಟಾ?"

ಇತ್ತು. ರೋಗವನ್ನೆಲ್ಲ ಮೊದಲೇ ಹೇಳುವವರ ಕಾರನ್ನು ಯಾರು ತೆಗೆದುಕೊಳ್ಳುತ್ತಾರೆ? ನಾನು ಹೋಗಿ ಮತ್ತೊಮ್ಮೆ ನೋಡಿ ಬರುತ್ತೇನೆ ಎಂದೆ.

"ನೀವು ನೋಡುವುದು ಬೇಡ," ಎಂದರು. "ನೋಡಲಿಕ್ಕೆ ನನಗೆ ಕಲಿಸಿ."

ಕೊನೆಯ ಸಲ ಮನಸ್ಸು ಬಿಚ್ಚಿ ಇದನ್ನು ಕಲಿಸಿದ್ದು ಯಾರಿಗೆ, ಅವನು ಅದರಿಂದ ಏನು ಮಾಡಿದ ಎಂಬುದು ನೆನಪಾಗಿ ಬಾಯಿ ಕಹಿಯಾಯಿತು. ಇನ್ನು ಯಾರಿಗೂ ಕಲಿಸುವುದಿಲ್ಲ ಎಂದು ಅಷ್ಟರಲ್ಲೇ ಶಪಥ ಮಾಡಿಕೊಂಡಿದ್ದೆ. ಆದರೆ ಇವರಿಗೆ ಇಲ್ಲ ಎನ್ನಲು ನನಗೆ ಮುಖವಿರಲಿಲ್ಲ. ಆರು ದಿನ, ದಿನಕ್ಕೆ ಒಂದು ಗಂಟೆ, ನನ್ನ ಕಾರಿನಲ್ಲೇ ಇಪ್ಪತ್ತೂ ಸಾಲು ಕಲಿಸಿದೆ. ಮೊದಲ ದಿನವೇ ಅವರು ಹಾಳೆಯನ್ನು ತಿರುಗಿಸಿ ಮುರುಗಿಸಿ ನೋಡಿ, ಬಟ್ಟೆಗೆ ಗೆರೆ ಹಾಕುವ ಪೆನ್ಸಿಲಿನಿಂದ ಎರಡು ಕಲಮಿನ ಪಕ್ಕ ಮೂರನೆಯ ಗೆರೆ ಎಳೆದರು. ಮೇಲೆ "ನೋಡಿಲ್ಲ" ಎಂದು ಬರೆದರು. "ಇದಕ್ಕೆ ಜಾಗವೇ ಇಟ್ಟಿಲ್ಲ ನೀವು" ಎಂದರು. ಮೂವತ್ತೊಂದು ವರ್ಷ ಅದೇ ಹಾಳೆ ಹಂಚಿದವನು ನಾನು.

ಆಗಸ್ಟ್ ಕೊನೆಯ ಒಂದು ಭಾನುವಾರ ಚಾರ್ಮಾಡಿಗೆ ಹೋದೆವು. ಇಸ್ಮಾಯಿಲಾಕ ಅಷ್ಟರಲ್ಲಿ ಕ್ಲಚ್ ಬದಲಾಯಿಸಿದ್ದರು, ಎ.ಸಿ. ಇನ್ನೂ ಇರಲಿಲ್ಲ. ನಾನು ಹೋಟೆಲಿನ ಜಗಲಿಯಲ್ಲಿ ಚಹಾ ಕುಡಿಯುತ್ತಾ ಕೂತೆ. ಐರಿನ್ ಬಾಯಿ ಸೀರೆಯ ಸೆರಗು ಸಿಕ್ಕಿಸಿ, ಟಾರ್ಚ್ ಹಿಡಿದು, ಒಂದರಿಂದ ಶುರು ಮಾಡಿದರು. ಬೆಲ್ಟ್ ಎಳೆದು ಬುಡದ ಚೀಟಿಯ ವರ್ಷವನ್ನೂ ಓದಿದರು. ಕಾರಿನಡಿ ಮಲಗಿಯೂ ನೋಡಿದರು. ಕೊನೆಗೆ ಡಿಕ್ಕಿ ತೆರೆದರು. ಸ್ಟೆಪ್ನಿ ಚಕ್ರದ ಹಲಗೆಯ ಮೇಲೆ ಹಸಿರು ಚಾಪೆಯೊಂದು ಮಡಚಿ ಇಟ್ಟಿತ್ತು. ಅವರ ಕೈ ಅದರವರೆಗೆ ಹೋಗಿ ನಿಂತಿತು. ನಾನು ಚಹಾದ ಗ್ಲಾಸು ಕೆಳಗಿಟ್ಟೆ.

"ಇದು ನಮಾಜಿನದ್ದಾ ಇಸ್ಮಾಯಿಲಾಕ?"

"ಹೌದಮ್ಮ."

"ನೀವೇ ಒಮ್ಮೆ ತೆಗೆದುಕೊಳ್ಳಿ. ಅಡಿಯಲ್ಲಿ ನೋಡ್ಲಿಕ್ಕುಂಟು."

ಇಸ್ಮಾಯಿಲಾಕ ಕೈ ಒರೆಸಿಕೊಂಡು ಬಂದು, ಚಾಪೆಯನ್ನು ಎತ್ತಿ ಎದೆಗೆ ಹಿಡಿದುಕೊಂಡು ಪಕ್ಕದಲ್ಲಿ ನಿಂತರು. ಐರಿನ್ ಬಾಯಿ ಹಲಗೆ ಸರಿಸಿ ಟಾರ್ಚ್ ಹಾಕಿದರು. ಅಷ್ಟೇ ಆದದ್ದು. ಯಾರ ದೇವರಿಗೂ ಏನೂ ಆಗಲಿಲ್ಲ. "ನಾಳೆ ಸ್ನಾನ ಮಾಡಿ ಬರ್ತೇನೆ, ಆಮೇಲೆ ನೋಡುವ" ಎಂಬ ಒಂದು ಮಾತು ಬಿ.ಸಿ. ರೋಡಿನಲ್ಲಿ ಆ ಮಧ್ಯಾಹ್ನ ನನ್ನ ಬಾಯಿಂದ ಬಂದಿದ್ದರೆ ಸಾಕಿತ್ತು.

ಹಾಳೆ ತುಂಬಿತು. ಹದಿಮೂರು ಸರಿ, ಆರು ಸರಿಯಿಲ್ಲ. ಇಪ್ಪತ್ತನೆಯ ಸಾಲು, ಏರು ಹತ್ತಿಸಿ ಎಂಜಿನ್ ನೋಡುವುದು. ಅದರ ಎದುರು ಮೂರನೆಯ ಕಲಮಿನಲ್ಲಿ ಗುರುತು ಹಾಕಿದ್ದರು, ಘಾಟಿಯಲ್ಲಿ ಓಡಿಸಲು ತಮಗೆ ಧೈರ್ಯ ಬರಲಿಲ್ಲವೆಂದು. ಅದೊಂದನ್ನು ನಾನು ಓಡಿಸಿ ನೋಡಿ ಬಂದೆ. ಬಂದು, ಹಳೆ ಅಭ್ಯಾಸದಿಂದ, ಜೇಬಿನಿಂದ ಪೆನ್ನು ತೆಗೆದು ಹಾಳೆಗೆ ಕೈ ಚಾಚಿದೆ.

ಐರಿನ್ ಬಾಯಿ ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಬ್ಯಾಗಿಗೆ ಹಾಕಿಕೊಂಡರು.

"ಸಹಿ ಬೇಡ ಮಾಸ್ಟ್ರೇ," ಎಂದರು, ಸಿಟ್ಟಿಲ್ಲದೆ. "ನಾನು ನೋಡಿದ್ದೇನೆ."